ಸಾಕ್ಷಿಮರದ ನೀರಡಿಕೆ

ನನ್ನನ್ನು ಯಾರೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಮೂವತ್ನಾಲ್ಕು ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವಳು ನಾನು, ಹೇಮಾವತಿ ಗಾಣಿಗೇರ. ಬೈಗುಳ ಕೊಟ್ಟು ಗೊತ್ತು, ತಿಂದು ಗೊತ್ತು, ತಿಂದದ್ದನ್ನು ಮುಂದಿನ ಸ್ಟಾಪಿನಲ್ಲಿ ಇಳಿಸಿಬಿಡುವುದೂ ಗೊತ್ತು. ಆದರೆ "ಹೋಗ್ಲಿ ಬಿಡ್ರಿ ಹೇಮಕ್ಕಾ" ಅಂದುಬಿಟ್ಟರಲ್ಲ, ಅದನ್ನು ಎಲ್ಲಿ ಇಳಿಸಬೇಕೋ ತಿಳಿಯದೆ ಇದನ್ನು ಬರೆಯುತ್ತಿದ್ದೇನೆ.

ಮೊದಲು ಯಂತ್ರದ ವಿಚಾರ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದರ ತಲೆಬುಡ ತಿಳಿಯುವುದಿಲ್ಲ. ಮರಕ್ಕೆ ನೀರಡಿಕೆಯಾದರೆ ಅದು ಸದ್ದು ಮಾಡುತ್ತದೆ. ಮರದೊಳಗೆ ಕೂದಲಿಗಿಂತ ಸಣ್ಣ ಕೊಳವೆಗಳಿರುತ್ತವೆ. ಬೇರು ಹೀರಿದ ನೀರು ಅವುಗಳಲ್ಲಿ ಎಲ್ಲೂ ತುಂಡಾಗದ ದಾರದಂತೆ ಎಲೆಯವರೆಗೆ ಏರುತ್ತದೆ. ನೆಲ ಒಣಗಿ ಎಳೆತ ಹೆಚ್ಚಾದಾಗ ಆ ದಾರ ಪಟ್ಟನೆ ಹರಿದು ಅಲ್ಲೊಂದು ಗುಳ್ಳೆ ಏಳುತ್ತದೆ. ಒಂದು ಗುಳ್ಳೆಗೆ ಒಂದು ಚಿಟಿಕೆ. ಆ ಸದ್ದು ಮನುಷ್ಯನ ಕಿವಿಗೆ ಸಿಗದಷ್ಟು ಚೂಪು. ಅದನ್ನು ಹಿಡಿದು, ನಮಗೆ ಕೇಳುವಷ್ಟು ದಪ್ಪ ಮಾಡಿ ಕೊಡುವ ಯಂತ್ರವನ್ನು ಧಾರವಾಡದಲ್ಲಿ ಡಾಕ್ಟರ್ ತಹಸೀನ ಕಿತ್ತೂರ ಎಂಬ ಹುಡುಗಿ ಕಂಡುಹಿಡಿದಳು. ನನ್ನ ಲೆಕ್ಕದಲ್ಲಿ ಮೂವತ್ತೆಂಟು ವರ್ಷದವಳು ಹುಡುಗಿಯೇ. ಯಂತ್ರದ ಹೆಸರು ಮರಗಿವಿ. ಅಂಗೈಯಗಲದ ಡಬ್ಬಿ, ಕಾಂಡಕ್ಕೆ ಬಿಗಿದು ಅದರ ಜೊತೆಯ ಗುಂಡಿಯನ್ನು ನಮ್ಮ ಕಿವಿಗೆ ಇಟ್ಟುಕೊಂಡರೆ ಮರ ಬಾಯಾರಿದಾಗ "ಚಿಟ್, ಚಿಟ್" ಎನ್ನುತ್ತದೆ. ನೀರು ಸಾಕಷ್ಟಿದ್ದಾಗ ಚಿಟಿಕೆ ನಿಂತು, ಒಳಗೆ ನೀರೇರುವ "ಗುಂಯ್" ಎಂಬ ಸದ್ದು ಮಾತ್ರ ಕೇಳುತ್ತದೆ.

ಎರಡು ಸಾವಿರದ ಐವತ್ತೆರಡನೇ ಇಸವಿಯ ಬೆಂಕಿಯಲ್ಲಿ ಎತ್ತಿನಬೆನ್ನು ಗುಡ್ಡಸಾಲು ಅರ್ಧಕ್ಕರ್ಧ ಸುಟ್ಟುಹೋದ ಮೇಲೆ ಈ ಯಂತ್ರಕ್ಕೆ ಬೆಲೆ ಬಂತು. ಉಪಗ್ರಹಕ್ಕೆ ಮೇಲಿನ ಹಸಿರು ಕಾಣುತ್ತದೆ, ಒಳಗಿನ ನೀರಡಿಕೆ ಕಾಣುವುದಿಲ್ಲ. ಕಾಡು ಎಷ್ಟು ಒಣಗಿದೆ ಎಂದು ಮರವೇ ಹೇಳಿದರೆ ಬೆಂಕಿ ಏಳುವ ಮೊದಲೇ ಜನರನ್ನು ಕಳಿಸಿ, ಹುಲ್ಲು ಸವರಿ, ಬೆಂಕಿ ದಾಟದಂತೆ ನೆಲ ಬೋಳು ಮಾಡಿದ ಬೆಂಕಿರೇಖೆ ಹಾಕಬಹುದು. ಹದಿಮೂರು ಗುಡ್ಡ, ಗುಡ್ಡಕ್ಕೊಂದು ಮರ. ಅದಕ್ಕೆ ಸಾಕ್ಷಿಮರ ಎಂದರು. ಅದನ್ನು ನೋಡಿಕೊಳ್ಳಲು ಗುಡ್ಡಕ್ಕೊಬ್ಬ ಸ್ವಯಂಸೇವಕ. ಇಬ್ಬರಿರುವಂತಿಲ್ಲ, ಏಕೆಂದರೆ ತರಗೆಲೆ ತುಳಿದರೂ, ಬಳೆ ತಾಗಿದರೂ, ಬೀಗದ ಕೈ ಅಲ್ಲಾಡಿದರೂ ಅದೇ ಚೂಪು ಸದ್ದು ಹೊರಟು ಮರಗಿವಿಗೆ ಗೊಂದಲವಾಗುತ್ತದೆ. ಮಾತಿಗೆ ಅಡ್ಡಿಯಿಲ್ಲ ಎಂದರು. ಎಂಥ ಉಪಕಾರ! ಮಾತಾಡಲು ಎರಡನೆಯವರು ಬೇಕಲ್ಲ.

ನಾನು ಯಾಕೆ ಹೋದೆ? ಪುಣ್ಯ ಬರಲಿ ಎಂದಲ್ಲ. ಬಸ್ಸುಗಳು ಚಾಲಕರೂ ಕಂಡಕ್ಟರೂ ಇಲ್ಲದೆ ತಾವೇ ಓಡತೊಡಗಿದವು. ನಾನು ಗದಗಿನಲ್ಲಿ ತಂಗಿ ಪ್ರಭಾಳ ಮನೆಯ ಮಾಳಿಗೆಕೋಣೆಗೆ ಬಂದು ಕುಳಿತೆ. ಪ್ರಭಾ ಕೆಟ್ಟವಳಲ್ಲ. ಊಟಕ್ಕೆ ಕರೆಯುತ್ತಿದ್ದಳು, ಊಟವಾದ ಮೇಲೆ ಎಲ್ಲರೂ ತಮ್ಮ ತಮ್ಮ ಪರದೆಗಳ ಮುಂದೆ ಕೂರುತ್ತಿದ್ದರು. ದಿನಕ್ಕೆ ಆರುನೂರು ಜನರಿಗೆ "ಮುಂದ ನಡೀರಿ, ಮುಂದ ನಡೀರಿ" ಎನ್ನುತ್ತಿದ್ದವಳಿಗೆ ಒಂದು ವಾರ ಯಾರೂ ಏನನ್ನೂ ಕೇಳಲಿಲ್ಲ. ಅಷ್ಟು ಜನರ ನಡುವೆ ಒಂಟಿ ಎನಿಸಿಕೊಳ್ಳುವುದಕ್ಕಿಂತ ನಿಜವಾಗಿ ಒಂಟಿಯಾಗಿರುವುದೇ ಮರ್ಯಾದೆ ಎನಿಸಿತು. ಅರ್ಜಿ ಹಾಕಿದೆ. ಏಳನೆಯ ಗುಡ್ಡ ಸಿಕ್ಕಿತು. ಬಳೆ ತೆಗೆದಿಟ್ಟು ಹತ್ತಿದೆ.

ತುದಿಯಿಂದ ಸ್ವಲ್ಪ ಕೆಳಗೆ ತಗಡಿನ ಮನೆ, ಮಳೆನೀರಿನ ದೊಡ್ಡ ಟಾಕಿ, ಅಲ್ಲಿಂದ ನಲವತ್ತು ಹೆಜ್ಜೆಗೆ ಸಾಕ್ಷಿಮರ, ಒಂದು ಕಾಡುನೇರಳೆ. ಬೆಳಿಗ್ಗೆ ಡಬ್ಬಿಯ ಧೂಳು ಒರೆಸುವುದು, ಹತ್ತು ನಿಮಿಷ ಕೇಳುವುದು, ಕಾಲುದಾರಿ ಸುತ್ತಿ ಬರುವುದು, ಸಸಿ ನಡುವುದು, ಅಡ್ಡಬೆಳೆದ ಲಂಟಾನ ಕೀಳುವುದು. ರವಿವಾರ ಹತ್ತು ಗಂಟೆಗೆ ವೈರ್‌ಲೆಸ್ಸಿನಲ್ಲಿ ಹದಿಮೂರೂ ಗುಡ್ಡಗಳಿಗೆ ಒಂದೇ ಲೈನು. "ಒಂದು, ಎಲ್ಲಾ ಸರಿ." "ಎರಡು, ಎಲ್ಲಾ ಸರಿ." ನನ್ನ ಸರದಿಗೆ "ಏಳು, ಎಲ್ಲಾ ಸರಿ." ಮೂರು ನಿಮಿಷದಲ್ಲಿ ಮುಗಿಯುತ್ತಿತ್ತು. ಆ ಮೂರು ಶಬ್ದಕ್ಕಾಗಿ ನಾನು ಶನಿವಾರವೇ ಗಂಟಲು ಸರಿಮಾಡಿಕೊಳ್ಳುತ್ತಿದ್ದೆ, ನಗಬೇಡಿ.

ಮೊದಲ ಬೇಸಿಗೆಯ ಒಂದು ಮಧ್ಯಾಹ್ನ ಗುಂಡಿಯನ್ನು ಕಿವಿಯಿಂದ ತೆಗೆಯಲು ಮರೆತು ರೊಟ್ಟಿ ತಿನ್ನುತ್ತಿದ್ದೆ. "ಚಿಟ್" ಎಂದಿತು. ಸ್ವಲ್ಪ ಬಿಟ್ಟು ಇನ್ನೊಂದು. ಹೊರಗೆ ಗಾಳಿಯಿಲ್ಲ, ಹಕ್ಕಿಯಿಲ್ಲ.

"ಏನವಾ, ನೀರಡಿಕಿ ಆಗೇತೇನ?" ಎಂದೆ.

"ಚಿಟ್."

ಅದು ನನಗೆ ಉತ್ತರ ಕೊಟ್ಟಿತೆಂದು ನಾನೇನೂ ನಂಬಲಿಲ್ಲ. ತಲೆ ಅಷ್ಟೊಂದು ಕೆಟ್ಟಿರಲಿಲ್ಲ. ಆದರೆ ನಮ್ಮ ಕಡೆ ಹೊಸ್ತಿಲಿಗೆ ಬಂದವರಿಗೆ, ಅವರು ಜಗಳಕ್ಕೇ ಬಂದಿರಲಿ, ಮೊದಲು ಒಂದು ಚೊಂಬು ನೀರು, ಒಂದು ತುಣುಕು ಬೆಲ್ಲ. ಬೇಸಿಗೆ ಬಂತೆಂದರೆ ನಮ್ಮವ್ವ ಬೇವಿನ ಮರದಡಿ ಅರವಟ್ಟಿಗೆ ಇಡುತ್ತಿದ್ದಳು, ಹೋಗಿಬರುವವರಿಗೆಲ್ಲ ಮಣ್ಣಿನ ಗಡಿಗೆಯ ನೀರು. ನೀರು ಕೇಳಿದವರಿಗೆ ಇಲ್ಲ ಅಂದ ಬಾಯಿಗೆ ಹುಳ ಬೀಳುತ್ತದೆ ಎನ್ನುತ್ತಿದ್ದಳು. ಅಂಥವಳ ಹೊಟ್ಟೆಯಲ್ಲಿ ಹುಟ್ಟಿ, ಕಿವಿಯೊಳಗೇ ಬಂದು ನೀರು ಕೇಳುತ್ತಿದ್ದರೆ ರೊಟ್ಟಿ ಹೇಗೆ ಇಳಿಯಬೇಕು? ಒಂದು ಚೊಂಬು ತಂದು ಬುಡಕ್ಕೆ ಸುರಿದೆ. ಸಾಲದೆನಿಸಿ ಒಂದು ಕೊಡ ತಂದೆ. ಸಂಜೆಯ ಹೊತ್ತಿಗೆ ಚಿಟಿಕೆ ನಿಂತು "ಗುಂಯ್" ಎಂದಿತು. ನನ್ನಿಂದ ಈ ಲೋಕದಲ್ಲಿ ಒಂದು ಜೀವಕ್ಕೆ ಸಮಾಧಾನವಾಯಿತಲ್ಲ ಎಂದು ಕುಳಿತು ಅತ್ತುಬಿಟ್ಟೆ.

ನಿಯಮ ಗೊತ್ತಿರಲಿಲ್ಲವೇ? ಗೊತ್ತಿತ್ತು. ಸಾಕ್ಷಿಮರದ ನೆಲ ಮುಟ್ಟಬಾರದು, ಗೊಬ್ಬರ ನೀರು ಹಾಕಬಾರದು, ಹಾಕಿದವರನ್ನು ಗುಡ್ಡದಿಂದ ಇಳಿಸಲಾಗುವುದು ಎಂದು ಬರೆದ ಕಾಗದಕ್ಕೆ ರುಜು ಮಾಡಿದ್ದೆ. ಟಿಕೆಟ್ಟಿನ ಹಿಂದೆ ಬರೆದದ್ದನ್ನು ಪ್ರಯಾಣಿಕರು ಎಷ್ಟು ಓದುತ್ತಿದ್ದರೋ ನಾನೂ ಅಷ್ಟೇ ಓದಿದ್ದೆ. ಒಂದು ಕೊಡದಿಂದ ಇಡೀ ಗುಡ್ಡಕ್ಕೇನು ಆಗುತ್ತದೆ ಎಂದುಕೊಂಡೆ. ಮೂರನೆಯ ವರ್ಷದ ಹೊತ್ತಿಗೆ ಬೆಳಿಗ್ಗೆ ಎರಡು, ಸಂಜೆ ಎರಡು ಕೊಡವಾಗಿತ್ತು. ಗುಂಡಿ ಹಗಲೆಲ್ಲ ಕಿವಿಯಲ್ಲೇ ಇರುತ್ತಿತ್ತು. ಚಹಾ ಕುಡಿಯುವಾಗ ಅದರ ಎದುರು ಕೂತು ಹಳೆಯ ಬಸ್ಸಿನ ಕಥೆಗಳನ್ನೆಲ್ಲ ಹೇಳಿ ಮುಗಿಸಿದ್ದೆ.

ಮೂರನೆಯ ವರ್ಷ ಹಿಂಗಾರು ಮಳೆ ಕೈಕೊಟ್ಟಿತು. ಸಂಕ್ರಾಂತಿಗೆಲ್ಲ ಹಳ್ಳ ಬತ್ತಿತು. ಹುಲ್ಲು ಆಳೆತ್ತರ ನಿಂತು ಕಾಲಿಟ್ಟರೆ ಹಪ್ಪಳದಂತೆ ಮುರಿಯುತ್ತಿತ್ತು. ಕೌಜುಗ ಹಕ್ಕಿಗಳು ಹೆದರಿಕೆ ಬಿಟ್ಟು ನನ್ನ ಪಾತ್ರೆ ತೊಳೆಯುವ ಕಲ್ಲಿನ ಹತ್ತಿರ ಬಂದು ಕೂರುತ್ತಿದ್ದವು. ಈ ವರ್ಷ ಬೆಂಕಿರೇಖೆಯ ತಂಡ ಬೇಗ ಬರಬಹುದು ಎಂದು ನಾನು ಹಿಟ್ಟು ಬೀಸಿಸಿ ತರಿಸಿಟ್ಟೆ. ತಂಡ ಬರಲಿಲ್ಲ, ವಾರ್ಷಿಕ ಸಭೆಗೆ ಬನ್ನಿ ಎಂದು ಧಾರವಾಡದಿಂದ ಕರೆ ಬಂತು.

ಆ ಸಭೆ ನೋಡಬೇಕಿತ್ತು ನೀವು. ಕಂಟ್ರೋಲ್ ರೂಮಿನ ಪಕ್ಕದ ಹಾಲಿನಲ್ಲಿ ಹದಿಮೂರು ಜನ, ಎಲ್ಲ ಐವತ್ತು ದಾಟಿದವರು, ಎಲ್ಲ ಸುತ್ತಲಿನ ಊರಿನವರೇ. ವರ್ಷವಿಡೀ ಒಬ್ಬರ ದನಿ ಒಬ್ಬರು ಕೇಳಿದವರು, ಎದುರಾದಾಗ ಏನು ಮಾತಾಡಬೇಕೆಂದೇ ಮರೆತಿದ್ದೆವು. ಮೂರನೆಯ ಗುಡ್ಡದಾಕೆ ನಮಸ್ಕಾರ ಮಾಡಿ ಬೆವರಿದಳು. ಎಂಟನೆಯ ಗುಡ್ಡದ ಫಕೀರಪ್ಪ ಹೂಗಾರ ಮಾಸ್ತರರು ನಲವತ್ತು ಮಕ್ಕಳ ಕ್ಲಾಸಿಗೆ ಕೂಗಿ ಪಾಠ ಹೇಳಿದವರು, ಈಗ ಪಿಸುಮಾತಿನಲ್ಲಿ "ಆರಾಮೇನ್ರಿ" ಎಂದರು. ನಾನು, ಊರಿಗೇ ಬಾಯಿಬಡುಕಿ ಅನಿಸಿಕೊಂಡವಳು, "ಹ್ಞೂಂ" ಎಂದು ಸುಮ್ಮನಾದೆ. ಉಪ್ಪಿಟ್ಟು ಮಾತ್ರ ಎಲ್ಲರೂ ಜೋರಾಗಿ ತಿಂದೆವು.

ಆಮೇಲೆ ತಹಸೀನ ನಮ್ಮನ್ನು ಕಂಟ್ರೋಲ್ ರೂಮಿಗೆ ಕರೆದೊಯ್ದಳು. ಗೋಡೆಯ ತುಂಬ ನಕ್ಷೆ, ಅದರಲ್ಲಿ ಹದಿಮೂರು ದೀಪ. ಹದಿಮೂರೂ ಹಸಿರು.

"ನೋಡ್ರಿ, ಮೂರು ವರ್ಷದಾಗ ಇಷ್ಟು ತಂಪು ಯಾವಾಗೂ ಇರಲಿಲ್ಲ," ಎಂದಳು. ಮುಖ ಅರಳಿತ್ತು. "ಅದಕ್ಕ ಈ ಸಲ ನಿಮ್ಮ ಕಡೆ ಬೆಂಕಿರೇಖೆ ತಂಡ ಬ್ಯಾಡ ಅಂತ ಮ್ಯಾಲಿನವರು ದಕ್ಷಿಣದ ಗುಡ್ಡಗಳಿಗೆ ಕಳಿಸ್ಯಾರ್ರಿ."

"ಏನ್ರೀ, ಹಳ್ಳ ಬತ್ತೇತಲ್ರಿ! ಹುಲ್ಲು ಮುಟ್ಟಿದ್ರ ಪುಡಿ ಆಗ್ತೈತಿ," ಎಂದೆ.

"ಮ್ಯಾಲೆ ಒಣಗಿರಬೇಕ್ರಿ ಹೇಮಕ್ಕಾ. ಒಳಗ ನೀರೈತಿ. ಮರ ಹೇಳಾಕತ್ತಾವಲ್ಲ."

"ಮರ ಸುಳ್ಳ ಹೇಳಿದ್ರ?"

ಆಕೆ ನಕ್ಕಳು. "ಒಂದು ಹೇಳಬಹುದ್ರಿ. ಅದಕ್ಕೂ ವ್ಯವಸ್ಥಾ ಐತಿ. ಒಂದು ಮರ ಉಳಿದ ಹನ್ನೆರಡಕ್ಕಿಂತ ಭಾಳ ಬ್ಯಾರೆ ಹೇಳಿತಂದ್ರ ಅದರ ಡಬ್ಬಿ ಕೆಟ್ಟೈತಿ ಅಂತ ಮಷೀನ ತಾನ ಅದನ್ನ ತಗದು ಹಾಕ್ತೈತಿ. ಹದಿಮೂರೂ ಕೂಡಿ ಸುಳ್ಳ ಹೆಂಗ ಹೇಳ್ತಾವ?"

ನನ್ನ ಮರವೊಂದೇ ನೀರು ಕುಡಿದಿದ್ದರೆ ಅದನ್ನು ಯಂತ್ರ ಎಂದೋ ಕಿತ್ತು ಎಸೆಯಬೇಕಿತ್ತು. ಎಸೆದಿಲ್ಲ. ಅಂದರೆ ಉಳಿದ ಹನ್ನೆರಡೂ ನನ್ನದರ ಹಾಗೆಯೇ ಇವೆ. ಟಿಕೆಟ್ ಇಲ್ಲದವರ ಮುಖ ಹೇಗಿರುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಕಂಡಕ್ಟರ್ ಹತ್ತಿರ ಬಂದಾಗ ಅವರು ಕಿಟಕಿಯಾಚೆ ಏನನ್ನೋ ಬಹಳ ಆಸಕ್ತಿಯಿಂದ ನೋಡುತ್ತಾರೆ. ಸುತ್ತ ನೋಡಿದೆ. ಹನ್ನೆರಡೂ ಜನ ಕಿಟಕಿಯಾಚೆ ನೋಡುತ್ತಿದ್ದರು. ಅಲ್ಲಿ ಒಂದು ನೀಲಿ ಸೈಕಲ್ ಬಿಟ್ಟರೆ ಏನೂ ಇರಲಿಲ್ಲ.

ಕೈತೊಳೆಯುವ ನಲ್ಲಿಯ ಹತ್ತಿರ ಹೂಗಾರ ಮಾಸ್ತರರನ್ನು ಹಿಡಿದೆ. "ಮಾಸ್ತರ, ನೀವು ಮರಕ್ಕ ನೀರು ಹಾಕ್ತೀರಿ, ಹೌದಿಲ್ಲೋ?"

"ಛೇ ಛೇ! ನಾ ಯಾಕ ಹಾಕಲಿ? ನೀವು ಹಾಕ್ತೀರೇನು?"

"ನಾ ಯಾಕ ಹಾಕಲಿ?" ಎಂದೆ ನಾನೂ.

ಇಬ್ಬರೂ ಬಹಳ ಹೊತ್ತು ಕೈ ತೊಳೆದೆವು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನಮ್ಮದು. ಅಲ್ಲೇ, ಆಗಲೇ ತಹಸೀನಳಿಗೆ ಹೇಳಬೇಕಿತ್ತು. ಹೇಳಲಿಲ್ಲ. ಹೇಳಿದರೆ ಗುಡ್ಡದಿಂದ ಇಳಿಸುತ್ತಾರೆ, ಪ್ರಭಾಳ ಮಾಳಿಗೆಕೋಣೆಯಲ್ಲಿ ಮತ್ತೆ ಕುಳಿತು ಕೆಳಗಿನಿಂದ ಊಟದ ಕರೆ ಬರುವುದನ್ನು ಕಾಯಬೇಕು. ಹೆದರಿದೆ. ಕಾಡಿಗಿಂತ ನನ್ನ ಕಿವಿಯ ಸದ್ದು ನನಗೆ ಹೆಚ್ಚಾಗಿತ್ತು, ಇದನ್ನು ಮುಚ್ಚಿಟ್ಟು ಏನು ಮಾಡಲಿ?

ಗುಡ್ಡಕ್ಕೆ ಬಂದವಳು ಒಂದು ಉಪಾಯ ಮಾಡಿದೆ. ಯಾರಿಗೂ ಹೇಳದೆ ನೀರು ನಿಲ್ಲಿಸಿದರಾಯಿತು. ಮರ ಬಾಯಾರುತ್ತದೆ, ದೀಪ ಕೆಂಪಾಗುತ್ತದೆ, ತಂಡ ಬರುತ್ತದೆ, ನನ್ನ ಗುಟ್ಟು ನನ್ನಲ್ಲೇ ಉಳಿಯುತ್ತದೆ. ಮೊದಲ ದಿನ ಏನೂ ಇಲ್ಲ. ಎರಡನೆಯ ದಿನ ಮಧ್ಯಾಹ್ನ ಚಿಟಿಕೆ ಶುರುವಾಯಿತು. ನಾಲ್ಕನೆಯ ದಿನಕ್ಕೆ ಹಂಚಿನ ಮೇಲೆ ಎಳ್ಳು ಸಿಡಿದ ಹಾಗೆ. ಐದನೆಯ ದಿನ ತಹಸೀನಳ ಕರೆ ಬಂತು.

"ಹೇಮಕ್ಕಾ, ನಿಮ್ಮ ಡಬ್ಬಿ ಕೆಟ್ಟೈತ್ರಿ. ಹನ್ನೆರಡೂ ಒಂದ ಮಾತು ಹೇಳಾಕತ್ತಾವ, ನಿಮ್ಮದೊಂದ ಒದರಾಕತ್ತೈತಿ. ಮಷೀನ ತಗದು ಹಾಕೇತಿ. ಹೊಸಾದು ಕಳಸ್ತೀನಿ."

"ಕೆಟ್ಟಿಲ್ರಿ," ಎಂದೆ. ನೀರಿನ ಮಾತು ಹೇಳದೆ ಕರೆ ಮುಗಿಸಿದೆ.

ನೋಡಿ, ಹೇಗಿದೆ ನ್ಯಾಯ! ಮೂರು ವರ್ಷ ಸುಳ್ಳು ಹೇಳಿದ ಮರ ಸಾಕ್ಷಿಯಾಗಿತ್ತು, ನಿಜ ಹೇಳಿದ ದಿನವೇ ಕೆಟ್ಟುಹೋಯಿತು. ಒಬ್ಬಳು ನಿಲ್ಲಿಸಿದರೆ ಪ್ರಯೋಜನವಿಲ್ಲ, ಹದಿಮೂರು ಜನ ಒಟ್ಟಿಗೆ ನಿಲ್ಲಿಸಬೇಕು. ಹೊರಗೆ ಬಂದು ನೋಡಿದೆ. ಗುಡ್ಡದ ಮಡಿಲಿನ ಕಾಡು ಹಳದಿಗೆ ತಿರುಗಿ ನಿಂತಿತ್ತು, ಅದರ ಸುತ್ತ ಮೂರು ದಿಕ್ಕಿಗೂ ಒಣಹುಲ್ಲು. ಒಂದು ಬೀಡಿ ತುಂಡು ಸಾಕಿತ್ತು.

ರವಿವಾರ ಹತ್ತು ಗಂಟೆಗೆ ಲೈನು ತೆರೆಯಿತು. ಒಂದರಿಂದ ಆರರವರೆಗೆ ಎಲ್ಲಾ ಸರಿ ಎಂದರು. ನನ್ನ ಸರದಿ ಬಂತು.

"ಏಳು. ಎಲ್ಲಾ ಸರಿ ಇಲ್ಲ," ಎಂದೆ. "ತಹಸೀನಮ್ಮಾ, ನನ್ನ ಡಬ್ಬಿ ಕೆಟ್ಟಿಲ್ಲ. ನಾ ಕೆಟ್ಟೀನಿ. ಮೂರು ವರ್ಷದಿಂದ ನಾ ಆ ಮರಕ್ಕ ದಿನಾ ನಾಲ್ಕು ಕೊಡ ನೀರು ಹಾಕಾಕತ್ತಿದ್ದೆ. ಅದು ನೀರಡಿಕಿ ಅಂತಿತ್ತು, ನನಗ ತಡಕೊಳ್ಳಾಕ ಆಗಲಿಲ್ಲ. ಈಗ ನಿಲ್ಲಿಸೀನಿ, ಅದಕ್ಕ ಒದರಾಕತ್ತೈತಿ. ಅದು ಒದರೂದ ಖರೇ. ಉಳಿದವರ ವಿಚಾರ ನಾ ಹೇಳಂಗಿಲ್ಲ. ಅವರವರಿಗೆ ಬಾಯೈತಿ."

ಎಂಟರ ಸರದಿ ಬರುವಷ್ಟರಲ್ಲಿ ನನಗಂತೂ ಹುಬ್ಬಳ್ಳಿಗೆ ಹೋಗಿ ಬಂದಷ್ಟು ಹೊತ್ತಾಯಿತು ಎನಿಸಿತು.

"ಎಂಟು," ಎಂದಿತು ಪಿಸುದನಿ. ಹೂಗಾರ ಮಾಸ್ತರರು. "ನಂದು ದಿನಾ ಒಂದು ಚೊಂಬು. ಅಳತಿ ಮಾಡಿ ಹಾಕ್ತಿದ್ದೆ. ನನ್ನ ಹೆಂಡತಿ ಆಸ್ಪತ್ರ್ಯಾಗ ಕಡೀಗೆ ನೀರು ಕೇಳಿದ್ಲು, ಕೊಡಬ್ಯಾಡ ಅಂತ ಡಾಕ್ಟರ್ ಹೇಳಿದ್ರು, ನಾ ಕೊಡಲಿಲ್ಲ. ಇಲ್ಲಿ ಯಾರೂ ಬ್ಯಾಡ ಅನ್ನಾವರು ಇರಲಿಲ್ಲ."

"ಮೂರು. ನಂದು ಮೂರು ಕೊಡರೀ."

"ಹನ್ನೊಂದು. ನಾ ಪೈಪ ಹಾಕೀನ್ರಿ, ತಪ್ಪಾತು."

ಒಬ್ಬರಾದ ಮೇಲೊಬ್ಬರು ಹೇಳಿದರು. ಹದಿಮೂರು ಅರವಟ್ಟಿಗೆಗಳು, ಯಾರಿಗೂ ಇನ್ನೊಬ್ಬರ ಸುದ್ದಿಯಿಲ್ಲ. ಮೂರು ವರ್ಷದಲ್ಲಿ ನಾವು ಅಷ್ಟು ಮಾತಾಡಿದ್ದು ಅದೇ ಮೊದಲು. ಕೆಲವರು ಅಳುತ್ತಿದ್ದರು. ನನಗೆ ಹೇಳಲಾರದ ನಾಚಿಕೆಯೂ ಆಯಿತು, ಸಂತೋಷವೂ ಆಯಿತು. ಆ ಸಂತೋಷಕ್ಕೆ ಮತ್ತೆ ನಾಚಿಕೆಯಾಯಿತು.

ಕೊನೆಗೆ ತಹಸೀನ ಮಾತಾಡಿದಳು. "ಯಾ ಅಲ್ಲಾ. ನನಗ ಇದು ಹೊಳೀಬೇಕಿತ್ತು. ನಮ್ಮಮ್ಮಿನೂ ಗುಬ್ಬಿಗೆ ನೀರಿಡ್ತಾಳ." ಆಮೇಲೆ ಕೆಲಸದ ಮಾತಿಗೆ ಬಂದಳು. "ಈಗ ಕೇಳ್ರಿ. ನಾ ಮ್ಯಾಲಿನವರಿಗೆ ಹೇಳ್ತೀನಿ, ಆದ್ರ ಅವರು ಬಾಯಿಮಾತಿಗೆ ತಂಡ ಕಳಸಂಗಿಲ್ಲ. ದೀಪ ಕೆಂಪಾಗಬೇಕು. ಇವತ್ತಿಂದ ಯಾರೂ ಒಂದ ಹನಿ ಹಾಕಬ್ಯಾಡ್ರಿ. ತಂಡ ಬಂದು ಕೆಲಸ ಮುಗಿಯೂತನಕ ಹಾಕಬ್ಯಾಡ್ರಿ, ನಡುವ ಹಸಿರಾತಂದ್ರ ವಾಪಸ್ ಕರಸ್ತಾರ. ಕೇಳಾಕ ಆಗಲಿಲ್ಲಂದ್ರ ಗುಂಡಿ ತಗದು ಇಡ್ರಿ."

"ನಮ್ಮನ್ನ ಇಳಸಂಗಿಲ್ಲೇನ್ರಿ?" ಎಂದು ಯಾರೋ ಕೇಳಿದರು.

"ಹದಿಮೂರು ಮಂದಿನ್ನ ಇಳಿಸಿ ಯಾರ್ನ ಹತ್ತಿಸಲಿ? ಯಾರದಾರ? ಹೋಗ್ಲಿ ಬಿಡ್ರಿ ಹೇಮಕ್ಕಾ." ಕೇಳಿದ್ದು ಬೇರೆಯವರಾದರೂ ಉತ್ತರ ನನಗೆ ಬಂತು.

ಉಳಿದವರು ಗುಂಡಿ ತೆಗೆದಿಟ್ಟರಂತೆ, ಅವರನ್ನು ತಪ್ಪೆನ್ನುವುದಿಲ್ಲ. ನಾನು ತೆಗೆಯಲಿಲ್ಲ. ಕಾಯಿಲೆಯವರ ಪಕ್ಕ ಕೂತವರು ಅವರು ನರಳುತ್ತಾರೆಂದು ಕಿವಿಗೆ ಹತ್ತಿ ಇಟ್ಟುಕೊಳ್ಳುವುದಿಲ್ಲ. ನಾನೇ ತಂದ ಕಷ್ಟ, ನಾನು ಕೇಳದೆ ಇನ್ಯಾರು ಕೇಳಬೇಕು? ಬೆಳಿಗ್ಗೆ ಟಾಕಿಯ ನಲ್ಲಿ ತಿರುವಿ ಮುಖ ತೊಳೆದರೆ ಚಿಟ್ ಚಿಟ್. ಚಹಾಕ್ಕೆ ನೀರಿಟ್ಟರೆ ಚಿಟ್ ಚಿಟ್. ನಾನು ನೀರು ಕುಡಿಯುವುದನ್ನು ಅದು ಕೇಳುತ್ತಿದೆಯೇನೋ ಎಂಬ ಹುಚ್ಚು ಹತ್ತಿ ಹೊರಗೆ ಹೋಗಿ ಬೆನ್ನು ತಿರುಗಿಸಿ ಕುಡಿಯುತ್ತಿದ್ದೆ. ಆ ರವಿವಾರದಿಂದ ಎಂಟನೆಯ ದಿನ ಕೊಡ ತುಂಬಿ ಇಪ್ಪತ್ತು ಹೆಜ್ಜೆ ಹೋಗಿದ್ದೆ. ಅಲ್ಲೇ ಇಳಿಸಿ, ಕೂತು, ಬಾಯಿಗೆ ಬಂದಂತೆ ಬೈದೆ. ಮರವನ್ನೂ ಬೈದೆ, ತಹಸೀನಳನ್ನೂ, ಹಿಂಗಾರು ಮಳೆಯನ್ನೂ. ಆ ಕೊಡವನ್ನು ಮತ್ತೆ ಟಾಕಿಗೇ ಸುರಿದೆ.

ಒಂಬತ್ತನೆಯ ದಿನ ಹದಿಮೂರೂ ದೀಪ ಕೆಂಪಾದವು. ಹನ್ನೊಂದನೆಯ ದಿನ ತಂಡ ಬಂತು. ನನ್ನ ಗುಡ್ಡಕ್ಕೆ ಹದಿನೆಂಟು ಜನ. ಹುಲ್ಲು ಸವರಿದರು, ಹತ್ತು ಮಾರು ಅಗಲದ ರೇಖೆ ಎಳೆದರು, ಇಬ್ಬನಿ ಇರುವ ಮುಂಜಾನೆ ರೇಖೆಯ ಹುಲ್ಲಿಗೆ ತಾವೇ ಬೆಂಕಿ ಕೊಟ್ಟು ಸುಟ್ಟು ಬೋಳು ಮಾಡಿದರು. ತಂಡಕ್ಕೆಂದು ಬೀಸಿಸಿಟ್ಟ ಹಿಟ್ಟೆಲ್ಲ ರೊಟ್ಟಿಯಾಯಿತು. ಹದಿನೆಂಟು ಜನರ ಗದ್ದಲದ ನಡುವೆಯೂ ನನ್ನ ಒಂದು ಕಿವಿ ಅಲ್ಲೇ ಇತ್ತು. "ಏನವಾ, ಕಿವಿಗೆ ಏನ ಹಾಕ್ಕೊಂಡೀ?" ಎಂದು ತಂಡದ ಹಿರಿಯ ಕೇಳಿದ. "ನಮ್ಮನಿಯಾಕಿ ಮಾತಾಡ್ತಾಳ," ಎಂದೆ.

ತಂಡ ಕೆಲಸ ಮುಗಿಸಿ ಇಳಿಯುವ ಮೊದಲೇ, ಹೋಳಿ ಹುಣ್ಣಿಮೆಗೆ ಇನ್ನೂ ಮೂರು ದಿನ ಇರುವಾಗ, ಮಧ್ಯಾಹ್ನ ಎರಡು ಗಂಟೆಗೆ ಮೂಡಣ ರಸ್ತೆಯ ಕಡೆಯಿಂದ ಬೆಂಕಿ ಎದ್ದಿತು. ಯಾರು ಹಚ್ಚಿದರೋ, ಹೇಗೆ ಹತ್ತಿತೋ, ಇವತ್ತಿಗೂ ತಿಳಿಯದು. ಹುಲ್ಲಿನ ಮೇಲೆ ಅದು ಬಸ್ಸಿಗಿಂತ ಜೋರಾಗಿ ಓಡಿತು. ಒಂಬತ್ತನೆಯ ಮತ್ತು ಹನ್ನೊಂದನೆಯ ಗುಡ್ಡದಲ್ಲಿ ಒಂದಿಷ್ಟು ಹೋಯಿತು. ನನ್ನ ಗುಡ್ಡದಲ್ಲಿ ರೇಖೆಯವರೆಗೆ ಬಂತು, ಅಲ್ಲಿ ತಿನ್ನಲು ಏನೂ ಸಿಗದೆ ನಾಲಗೆ ಆಡಿಸಿ ಕೂತಿತು. ಹದಿನೆಂಟು ಜನ ಹಸಿಸೊಪ್ಪು ಹಿಡಿದು ಬಡಿದರು, ನಾನೂ ಬಡಿದೆ. ಐದು ಗಂಟೆಗೆ ಆರಿತು. ಮಡಿಲಿನ ಕಾಡಿಗೆ ಒಂದು ಕಿಡಿ ಮುಟ್ಟಲಿಲ್ಲ.

ತಂಡದವರು ಕುಣಿದರು. ನಾನು ವೈರ್‌ಲೆಸ್ಸಿಗೆ ಓಡಿದೆ. "ತಹಸೀನಮ್ಮಾ, ಈಗರ ಹಾಕಲೇನು?"

"ಹಾಕ್ರಿ ಹೇಮಕ್ಕಾ, ಹಾಕ್ರಿ," ಎಂದಳು ಆಕೆ, ಅಳುತ್ತಲೋ ನಗುತ್ತಲೋ.

ಮಸಿ ಕೈಯಲ್ಲೇ ಕೊಡ ತುಂಬಿದೆ. ಒಂದು, ಎರಡು, ಐದು, ಎಂಟು. ತಂಡದವರು ಕಕ್ಕಾಬಿಕ್ಕಿಯಾಗಿ ನೋಡುತ್ತಿದ್ದರು. "ಕುಡಿಯವಾ, ಕುಡಿ, ಎಷ್ಟು ಬೇಕೋ ಅಷ್ಟು ಕುಡಿ," ಎಂದು ಹೇಳುತ್ತಾ ಹೇಳುತ್ತಾ ಸುರಿದೆ. ಮರುದಿನ ಬೆಳಿಗ್ಗೆ ಎದ್ದಾಗ ಕಿವಿಯಲ್ಲಿ ಚಿಟಿಕೆ ಇರಲಿಲ್ಲ. ಇಪ್ಪತ್ತು ದಿನಕ್ಕೂ ಮಿಕ್ಕಿ ಸಿಡಿದ ಸದ್ದು ನಿಂತುಹೋಗಿತ್ತು. ಅಬ್ಬಾ ಎನಿಸಿತು. ಧಾರವಾಡಕ್ಕೆ ಕರೆದು "ಸುಮ್ಮನಾತ್ರಿ! ಹೊಟ್ಟಿ ತುಂಬ ಕುಡದು ಸುಮ್ಮನಾತು," ಎಂದೆ.

ಆ ಕಡೆ ತಹಸೀನ ಪರದೆ ನೋಡುತ್ತಿದ್ದಳೆಂದು ಕಾಣುತ್ತದೆ. "ಹೇಮಕ್ಕಾ, ಚಂದಂಗ ಕೇಳಿ ಹೇಳ್ರಿ. ಗುಂಯ್ ಅನ್ನೂದು ಕೇಳಸ್ತೈತೇನು?"

ಕಣ್ಣು ಮುಚ್ಚಿ ಕೇಳಿದೆ. ಗುಂಡಿಯನ್ನು ತಿರುಗಿಸಿ ಒತ್ತಿ ಕೇಳಿದೆ. ಏನೂ ಇರಲಿಲ್ಲ. ದಾರಗಳೆಲ್ಲ ಹರಿದು ಮುಗಿದಿದ್ದವು, ಇನ್ನು ಹರಿಯಲು ಒಂದೂ ಉಳಿದಿರಲಿಲ್ಲ. ಅದಕ್ಕೇ ಸುಮ್ಮನಿತ್ತು.

ನಾಲ್ಕು ದಿನ ಬಿಟ್ಟು ತಹಸೀನ ತಾನೇ ಗುಡ್ಡ ಹತ್ತಿ ಬಂದಳು. ಸಣ್ಣ ಗುದ್ದಲಿಯಿಂದ ಮರದ ಬುಡ ಕೆದರಿದಳು. ಒಂದು ಗೇಣು ಆಳದಲ್ಲೇ, ನಾನು ನೀರು ಸುರಿಯುತ್ತಿದ್ದ ಜಾಗದ ಸುತ್ತ, ಬೇರುಗಳು ತಲೆಗೂದಲಿನಂತೆ ಹೆಣೆದುಕೊಂಡಿದ್ದವು. ಎಲ್ಲ ಕಂದಾಗಿ ಒಣಗಿದ್ದವು.

"ಮ್ಯಾಲೆ ಸಿಗತೈತಿ ಅಂತ ಬೇರು ಮ್ಯಾಲೆ ಬಂದಾವ್ರಿ," ಎಂದಳು ಮೆಲ್ಲಗೆ. "ಆಳದ್ದು ಕೆಲಸಿಲ್ಲದ ಹಂಗ ಸತ್ತಾವ."

ಅದರ ಎಡಬಲದ ಮರಗಳನ್ನು ಆಗ ನೋಡಿದೆ. ಮೂರು ವರ್ಷದಲ್ಲಿ ಅವುಗಳ ಕಡೆ ನಾನು ಮುಖ ತಿರುಗಿಸಿ ನೋಡಿದವಳೇ ಅಲ್ಲ. ಅದೇ ನೆಲ, ಅದೇ ಬರ. ಎಲೆ ಸೊರಗಿದ್ದರೂ ಎಲ್ಲವೂ ಬದುಕಿದ್ದವು. ಹೂಗಾರ ಮಾಸ್ತರರ ಚೊಂಬಿನ ಮರವೂ ಬದುಕಿತ್ತು. ಹದಿಮೂರರಲ್ಲಿ ಸತ್ತದ್ದು ನಾಲ್ಕು, ನಾವು ಬಹಳ ಪ್ರೀತಿಸಿದವು. ಒಂದು ಮಾತು ಬೈ ತಾಯಿ ಎಂದು ತಹಸೀನಳ ಮುಖ ನೋಡಿದೆ. ಆಕೆ ನನ್ನ ಕೈಯ ಮಣ್ಣನ್ನು ತನ್ನ ಓಢಣಿಯಿಂದ ಒರೆಸಿದಳು.

ಊಟವಾದ ಮೇಲೆ ಚೀಲದಿಂದ ಹೊಸ ಡಬ್ಬಿ ತೆಗೆದಳು. "ಬ್ಯಾರೆ ಸಾಕ್ಷಿಮರ ಬೇಕ್ರಿ. ಮನಿ ಹತ್ರ ಆ ದಿಂಡಿಗದ ಮರ ಚಲೋ ಐತಿ. ಇಲ್ಲಾ ಆ ಸಣ್ಣ ನೇರಳಿ. ನಿಮಗ ಯಾವುದು ಬೇಕು ಹೇಳ್ರಿ, ನೀವ ಕೇಳಾಕಿ."

ನಾನು ಎದ್ದು ಮನೆಯ ಹಿಂದಕ್ಕೆ ಕರೆದೊಯ್ದೆ. ಅಲ್ಲಿ ನೆಲ ಕಡಿದಂತೆ ಮುಗಿದು ಕೆಳಗೆ ಕಂದರ, ಅದರಾಚೆ ಕಡಿದಾದ ಬಂಡೆ. ಬಂಡೆಯ ಸೀಳಿನಲ್ಲಿ ಒಂದು ಕಾಡುನೇರಳೆ ನಿಂತಿತ್ತು.

"ಅದಕ್ಕ ಹಾಕ್ರಿ," ಎಂದೆ.

"ಡ್ರೋನಿಂದ ಹಾಕಬಹುದ್ರಿ, ಆದ್ರ ಅಲ್ಲಿಗೆ ದಾರೀನ ಇಲ್ಲಲ್ಲ. ನೀವು ಹೋಗಾಕ ಬರಂಗಿಲ್ಲ."

"ಅದಕ್ಕ ಅಂದೆ."

ತಹಸೀನ ಚೀಲದಿಂದ ಡ್ರೋನ್ ತೆಗೆದು ಡಬ್ಬಿಯನ್ನು ಅದಕ್ಕೆ ಕಟ್ಟಿ ಕಂದರದಾಚೆಗೆ ಹಾರಿಸಿದಳು. ಸಂಜೆಗೆ ಇಳಿದು ಹೋದಳು.

ಈಗ ವೈಶಾಖ. ಮಳೆಗೆ ಇನ್ನೂ ತಿಂಗಳಿದೆ. ಇದನ್ನು ಬರೆಯುವಾಗಲೂ ಗುಂಡಿ ಕಿವಿಯಲ್ಲಿದೆ. ಆಚೆಯ ಬಂಡೆಯ ಮರಕ್ಕೆ ಬೆಳಗಿನಿಂದ ನೀರಡಿಕೆಯಾಗಿದೆ, ನನಗೆ ಚೆನ್ನಾಗಿ ಕೇಳುತ್ತಿದೆ. ನಾನು ಕೂತಲ್ಲೇ ಕೂತಿದ್ದೇನೆ.